ಬೋನ್ಸಾಯ್: ತಟ್ಟೆಯ ತಳದಲ್ಲಿ ನಿಲ್ಲುವ ನೀರು

ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಪೂರ್ತಿ ಅದ್ದಿ ತೆಗೆದು, ಎರಡು ಬೆರಳ ತುದಿಯ ಮೇಲೆ ಮಲಗಿಸಿ ಹಿಡಿಯಿರಿ. ಒಂದಷ್ಟು ನೀರು ಸೋರಿ ನಿಂತುಬಿಡುತ್ತದೆ. ಹನಿ ಪೂರ್ತಿ ನಿಂತ ಮೇಲೆ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ. ಹಿಂಡದಿದ್ದರೂ ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಅದರ ರಂಧ್ರಗಳೂ ಅವೇ, ಬದಲಾದದ್ದು ಎತ್ತರವೊಂದೇ.

ಮನೆಯಲ್ಲಿಟ್ಟ ಬೋನ್ಸಾಯ್ (ಆಳವಿಲ್ಲದ ತಟ್ಟೆಯಲ್ಲಿ ಸಣ್ಣದಾಗಿಯೇ ಬೆಳೆಸುವ ಮರ) ಏಕೆ ಸಾಯುತ್ತದೆ ಎಂಬುದಕ್ಕೆ ಅರ್ಧ ಉತ್ತರ ಈ ಸ್ಪಂಜಿನಲ್ಲೇ ಇದೆ. ಮಣ್ಣಿನ ಸಣ್ಣ ರಂಧ್ರಗಳು ಕೇಶಾಕರ್ಷಣೆಯಿಂದ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಎಷ್ಟೇ ತೂತುಗಳಿದ್ದರೂ ಕುಂಡದ ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಇರುತ್ತದೆ. ಆ ಪದರ ಎಷ್ಟು ದಪ್ಪ ಎಂಬುದನ್ನು ನಿರ್ಧರಿಸುವುದು ಮಣ್ಣಿನ ಕಣದ ಗಾತ್ರ, ಕುಂಡದ ಆಳವಲ್ಲ. ಒಂದು ಮಣ್ಣಿನಲ್ಲಿ ಅದು 3 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 15 ಸೆಂಟಿಮೀಟರ್ ಆಳದ ಕುಂಡದಲ್ಲಿ ಬೇರಿಗೆ ಉಸಿರಾಡಲು ಇನ್ನೂ 12 ಸೆಂಟಿಮೀಟರ್ ಸಿಕ್ಕುತ್ತದೆ. 5 ಸೆಂಟಿಮೀಟರ್ ಆಳದ ಬೋನ್ಸಾಯ್ ತಟ್ಟೆಯಲ್ಲಿ ಉಳಿಯುವುದು ಎರಡೇ. ಅದಕ್ಕೇ ಕುಂಡದಲ್ಲಿ ಗಿಡಗಳನ್ನು ಚೆನ್ನಾಗಿ ಬೆಳೆಸಿ ಪಳಗಿದವರೂ ಬೋನ್ಸಾಯ್ ವಿಷಯದಲ್ಲಿ ಎಡವುತ್ತಾರೆ: ಮಣ್ಣು ಹಳೆಯದು, ಕೈಯ ಅಭ್ಯಾಸ ಹಳೆಯದು, ಪಾತ್ರೆ ಮಾತ್ರ ಹೊಸದು.

ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆಯಂತೂ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿದೆ. ನಯವಾದ ಮಣ್ಣಿನ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ತೇವದ ಪದರ ಜಲ್ಲಿಯ ಮೇಲೆಯೇ ಕೂರುತ್ತದೆ, ಬೇರಿನ ಜಾಗ ಇನ್ನಷ್ಟು ಕಿರಿದಾಗುತ್ತದೆ. ಸರಿಯಾದ ದಾರಿ ಇಡೀ ಮಿಶ್ರಣವನ್ನೇ ಹರಳಾಗಿಸುವುದು. ಸುಟ್ಟ ಜೇಡಿಮಣ್ಣಿನ ಹರಳು, ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು, ಲಾವಾ ಕಲ್ಲು, ಇವು ಸಿಗದಿದ್ದರೆ ಗಟ್ಟಿ ಇಟ್ಟಿಗೆಯ ಚೂರು, ಯಾವುದಾದರೂ ನಡೆಯುತ್ತದೆ. ಜರಡಿ ಹಿಡಿದು 2ರಿಂದ 6 ಮಿಲಿಮೀಟರ್ ಗಾತ್ರದ ಕಣಗಳನ್ನಷ್ಟೇ ಉಳಿಸಿಕೊಳ್ಳಿ, ದೂಳನ್ನು ನಿರ್ದಾಕ್ಷಿಣ್ಯವಾಗಿ ಎಸೆಯಿರಿ. ಆಲ, ಅರಳಿ, ಅತ್ತಿಗಳು ಸೇರುವ ಫೈಕಸ್ ಜಾತಿಯವಕ್ಕೆ ನಾಲ್ಕರಲ್ಲೊಂದು ಪಾಲು ತೆಂಗಿನ ನಾರಿನ ಚೂರನ್ನೋ ಹಳೆಯ ಎಲೆಗೊಬ್ಬರವನ್ನೋ ಸೇರಿಸಬಹುದು.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದ ಕಿವಿಗೆ 'ಸಾಯ್' ಅಪಶಕುನದಂತೆ ಕೇಳಿಸಿದರೂ ಜಪಾನಿ ಭಾಷೆಯಲ್ಲಿ ಅದಕ್ಕೆ ನೆಡುವುದು ಎಂದರ್ಥ. 'ಬೋನ್' ಎಂದರೆ ಅಗಲವಾದ ತಟ್ಟೆ. ಕುಳ್ಳ ತಳಿ ಎಂಬ ಅರ್ಥ ಎಲ್ಲೂ ಇಲ್ಲ. ಇದೇ ಗಿಡವನ್ನು ನೆಲಕ್ಕೆ ನೆಟ್ಟರೆ ಹೆಮ್ಮರವಾಗುತ್ತದೆ. ಅದನ್ನು ಸಣ್ಣದಾಗಿಡುವುದು ಕತ್ತರಿ ಮತ್ತು ಇಕ್ಕಟ್ಟು, ಹೊರತು ಉಪವಾಸವಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಯಮಾಕಿ ಪೈನ್ ಎಂಬ ಬಿಳಿ ಪೈನ್ ಇದೆ. ಅದು 1625ರಿಂದ ಕುಂಡದಲ್ಲಿದೆ. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಸ್ಫೋಟದ ಜಾಗದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿದ್ದು ಉಳಿದುಕೊಂಡಿತು. 1976ರಲ್ಲಿ ಉಡುಗೊರೆಯಾಗಿ ಅಮೆರಿಕಕ್ಕೆ ಹೋಯಿತು. ಹಸಿದ ಗಿಡ ನಾಲ್ಕು ಶತಮಾನ ಬದುಕುವುದಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಎಲೆಯನ್ನಲ್ಲ, ಬುಡವನ್ನು. ಬೇರುಗಳು ಕಾಂಡದಿಂದ ಸುತ್ತಲೂ ಹರಡಿ ಮಣ್ಣಿಗಿಳಿದಿರಬೇಕು, ಕಾಂಡ ಬುಡದಲ್ಲಿ ದಪ್ಪಗಿದ್ದು ಮೇಲೆ ಹೋದಂತೆ ಸಪೂರವಾಗಬೇಕು. ಕೊಂಬೆ ಮುಂದೆ ಬರುತ್ತದೆ. ಆದರೆ ತಟ್ಟೆಗೆ ಬಂದ ಮೇಲೆ ಕಾಂಡ ದಪ್ಪವಾಗುವುದು ಬಲು ನಿಧಾನ. ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿ: ಬುಡ ಕದಲಿದರೆ ಬೇರು ಕೊಳೆತಿದೆ ಅಥವಾ ಈಚೆಗಷ್ಟೇ ನೆಟ್ಟಿದ್ದಾರೆ. ಮೇಲೆ ಅಂಟು ಹಾಕಿ ಕೂಡಿಸಿದ ಬೆಣಚುಕಲ್ಲು ಇದ್ದರೆ ಆ ಗಿಡ ಬೇಡ. ನೀರು ಒಳಗೆ ಹೋಯಿತೋ ಇಲ್ಲವೋ ನಿಮಗೆ ತಿಳಿಯುವುದೇ ಇಲ್ಲ.

ಮನೆಯೊಳಗಿಡಲು ಫೈಕಸ್ ಜಾತಿಯವು ಮತ್ತು ಆಫ್ರಿಕಾ ಮೂಲದ ಸಣ್ಣೆಲೆಯ ಜೇಡ್ ಗಿಡ ಆರಂಭಕ್ಕೆ ಒಳ್ಳೆಯವು. ಎರಡೂ ತಪ್ಪನ್ನು ಸಹಿಸುತ್ತವೆ. ಪೈನಿನಂತೆ ಶಂಕುಮರಗಳ ಗುಂಪಿನ ಜೂನಿಪರ್ ಚೆಂದ ಕಾಣುತ್ತದೆ, ಉಡುಗೊರೆಯಾಗಿಯೂ ಹೆಚ್ಚು ಕೈಬದಲಾಗುತ್ತದೆ, ಆದರೆ ಅದು ಬಯಲ ಗಿಡ. ಪೂರ್ಣ ಬಿಸಿಲು ಮತ್ತು ಚಳಿಗಾಲದ ವಿಶ್ರಾಂತಿ ಇಲ್ಲದೆ ಕೋಣೆಯಲ್ಲಿ ಸೊರಗುತ್ತದೆ. ಮೋಸವೇನೆಂದರೆ ಸತ್ತ ಮೇಲೂ ಅದರ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಕಂದು ಕಾಣುವ ಹೊತ್ತಿಗೆ ನೀವು ಹೆಣಕ್ಕೆ ನೀರು ಹಾಕುತ್ತಿರುತ್ತೀರಿ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಹೊರಗಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ). ದೀಪ ಉರಿಯುವ ಕೋಣೆ ಕೆಲವು ನೂರು ಲಕ್ಸ್ ಅಷ್ಟೇ. ಪಾಪೆ ಹಿಗ್ಗಿ ಈ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ, ಎಲೆಗೆ ಆ ಸೌಲಭ್ಯವಿಲ್ಲ. ಕಿಟಕಿಯಿಂದ ಅರ್ಧ ಮೀಟರಿನೊಳಗೆ ಇಡಿ. ಎರಡು ಎಲೆಗಳ ನಡುವಿನ ಗೆಣ್ಣು ಉದ್ದವಾಗುತ್ತಿದ್ದರೆ ಬೆಳಕು ಸಾಲದು ಎಂದೇ ಅರ್ಥ.

ನೀರಿಗೆ ವೇಳಾಪಟ್ಟಿ ಬೇಡ. ತುದಿಗೆ ಬಣ್ಣವಿಲ್ಲದ ಮರದ ಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಪ್ಪಾಗಿ ತಣ್ಣಗಿದ್ದರೆ ಇವತ್ತು ಬೇಡ. ಹೆಚ್ಚು ಕಡಿಮೆ ಒಣಗಿದ್ದರೆ ತಳದ ತೂತಿನಿಂದ ಹರಿಯುವವರೆಗೆ ಹಾಕಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ದಿನಾ ಒಂದೊಂದು ಚಮಚ ಹಾಕುವುದು ಕೆಟ್ಟ ಅಭ್ಯಾಸ: ಮೇಲೆ ಒದ್ದೆ, ನಡುವಿನ ಬೇರು-ಮಣ್ಣಿನ ಗಡ್ಡೆ ಒಣ. ಹಾಗೆ ಒಣಗಿದ ಗಡ್ಡೆಗೆ ಆಮೇಲೆ ಸುರಿದ ನೀರು ಬದಿಯಿಂದ ಜಾರಿಹೋಗುತ್ತದೆ. ಆಗ ತಟ್ಟೆಯನ್ನು ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ಮುಳುಗಿಸಿಡಬೇಕು.

ಹೆಚ್ಚು ನೀರು ಕುಡಿದ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ, ಗೊಂದಲ ಇರುವುದು ಇಲ್ಲಿಯೇ. ಆಮ್ಲಜನಕ ಸಿಗದೆ ಸತ್ತ ಬೇರು ನೀರೆಳೆಯಲಾರದು. ಬಾಡಿದ್ದನ್ನು ಕಂಡು ಮತ್ತೆ ನೀರು ಹಾಕುತ್ತೇವೆ, ಉಳಿದ ಬೇರೂ ಹೋಗುತ್ತದೆ. ಹೊಸ ಮನೆಗೆ ಬಂದ ಫೈಕಸ್ ಎಲೆ ಉದುರಿಸಿದಾಗಲೂ ಇದೇ ಕತೆ. ಬೆಳಕು ಬದಲಾದದ್ದಕ್ಕೆ ಅದು ಹಳೆ ಎಲೆ ಕಳಚಿ ಹೊಸದಕ್ಕೆ ಸಿದ್ಧವಾಗುತ್ತಿರುತ್ತದೆ. ಎಲೆ ಕಡಿಮೆಯಾದರೆ ನೀರಿನ ಖರ್ಚೂ ಕಡಿಮೆ, ನಾವೋ ಗಾಬರಿಯಿಂದ ಹೆಚ್ಚಿಗೆ ಹಾಕುತ್ತೇವೆ.

ಕತ್ತರಿಸುವುದು ಅಷ್ಟು ಕಷ್ಟವಲ್ಲ. ಚಿಗುರಿನ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಸುಮ್ಮನಿರಿಸುತ್ತದೆ. ತುದಿ ಹೋದರೆ ಅವು ಏಳುತ್ತವೆ. ಫೈಕಸ್‌ನ ಚಿಗುರು ಆರೆಂಟು ಎಲೆ ಬಿಡಲಿ, ಆಮೇಲೆ ಎರಡು ಎಲೆ ಉಳಿಸಿ ಕತ್ತರಿಸಿ. ಕವಲು ಹೆಚ್ಚಿದಂತೆ ಎಲೆ ಕಿರಿದಾಗುತ್ತದೆ. ಹಣ್ಣು ಮಾತ್ರ ಅಷ್ಟಾಗಿ ಕಿರಿದಾಗದು. ಕೊಂಬೆಗೆ ಆಕಾರ ಕೊಡಲು ಸುತ್ತುವ ತಂತಿ ಅಲ್ಯೂಮಿನಿಯಮ್ಮಿನದಿರಲಿ, ಕೊಂಬೆಯ ಮೂರನೇ ಒಂದು ದಪ್ಪ, 45 ಡಿಗ್ರಿ ಓರೆಯಲ್ಲಿ. ಎರಡು ವಾರಕ್ಕೊಮ್ಮೆ ನೋಡಿ. ತೊಗಟೆಗೆ ಕಚ್ಚುವ ಮೊದಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ, ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ.

ಎರಡು ಮೂರು ವರ್ಷಕ್ಕೊಮ್ಮೆ, ಫೈಕಸ್ ಆದರೆ ಬೆಚ್ಚನೆಯ ಕಾಲದಲ್ಲಿ, ಮಣ್ಣು ಬದಲಿಸಬೇಕು. ಬೇರು ತಟ್ಟೆಯ ಅಂಚಿಗೆ ಸುತ್ತಿಕೊಂಡಿದ್ದರೆ, ನೀರು ಮೇಲೆಯೇ ನಿಂತು ಇಂಗಲು ತಡಮಾಡಿದರೆ ಹೊತ್ತಾಯಿತೆಂದೇ ತಿಳಿಯಿರಿ. ಹೊರತೆಗೆದ ಗಡ್ಡೆಯನ್ನು ಕಡ್ಡಿಯಿಂದ ಬಿಡಿಸಿ, ಬೇರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಕೆಳಮುಖವಾದ ದಪ್ಪ ಬೇರು ಮೊದಲು ಹೋಗಲಿ, ನವಿರಾದವು ಉಳಿಯಲಿ. ತೂತಿಗೆ ಜಾಲರಿ ಹಾಕಿ, ಗಿಡವನ್ನು ತಂತಿಯಿಂದ ತಟ್ಟೆಗೆ ಬಿಗಿಯಿರಿ. ಬಿಗಿಯದೆ ಬಿಟ್ಟರೆ ಪ್ರತಿ ಅಲುಗಾಟಕ್ಕೂ ಹೊಸ ಬೇರಿನ ತುದಿ ಹರಿಯುತ್ತದೆ. ಒಣ ಮಿಶ್ರಣವನ್ನು ಸುರಿದು, ಕಡ್ಡಿಯಿಂದ ಬೇರಿನ ಸಂದಿಗೆ ಇಳಿಸಿ, ತಳದಿಂದ ತಿಳಿ ನೀರು ಬರುವವರೆಗೆ ಹಾಕಿ. ಎರಡು ವಾರ ನೆರಳು, ಒಂದು ತಿಂಗಳು ಗೊಬ್ಬರವಿಲ್ಲ.

ಎಲೆಯೆಲ್ಲ ಉದುರಿ ಗಿಡ ಇದೆಯೋ ಹೋಯಿತೋ ತಿಳಿಯದಾದಾಗ, ಉಗುರಿನಿಂದ ತೊಗಟೆಯನ್ನು ಒಂದಿಷ್ಟೇ ಕೆರೆದು ನೋಡಿ. ಕೆಳಗೆ ಹಸಿರು ತೇವ ಕಂಡರೆ ಜೀವವಿದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ, ಬುಡದ ಕಡೆ ಕೆರೆಯುತ್ತ ಬನ್ನಿ. ಹಸಿರು ಸಿಕ್ಕಲ್ಲಿಂದ ಒಂದು ಗೆಣ್ಣು ಮೇಲೆ ಕತ್ತರಿಸಿ, ಕಿಟಕಿಯ ಬಳಿಯಿಟ್ಟು, ಕಡ್ಡಿ ಒಣಗಿ ಬಂದಾಗಷ್ಟೇ ನೀರು ಹಾಕಿ.