ಮರೆವಿನ ಜೊತೆಗೂಡಿ ಕಲಿಯುವ ಇಂಗ್ಲಿಷ್ ಪದಗಳು

ಸೇನೆಗೆ ಸೇರುವ ಆಸೆ ಕೊಡಗಿನ ಮಕ್ಕಳಿಗೆ ಹೊಸದಲ್ಲ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಜಿಲ್ಲೆ ಇದು. ಪೊನ್ನಂಪೇಟೆಯಿಂದ ಕುಶಾಲನಗರದವರೆಗೆ ಪಿಯುಸಿ ಓದುವ ಎಷ್ಟೋ ಹುಡುಗ ಹುಡುಗಿಯರು ಎನ್‌ಡಿಎ (ಸೇನೆಯ ಭಾವಿ ಅಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪ್ರವೇಶ ಪರೀಕ್ಷೆಗೆ ತಯಾರಾಗುತ್ತಾರೆ. ಆ ಲಿಖಿತ ಪರೀಕ್ಷೆಯ ಒಟ್ಟು 900 ಅಂಕಗಳಲ್ಲಿ 200 ಅಂಕ ಇಂಗ್ಲಿಷಿನದು. ಸಮಾನಾರ್ಥಕ, ವಿರುದ್ಧಾರ್ಥಕ ಪದಗಳ ಪ್ರಶ್ನೆ ಅದರಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಸಾವಿರಾರು ಕಠಿಣ ಪದಗಳನ್ನು ಅಕಾರಾದಿಯಾಗಿ ಜೋಡಿಸಿದ ಪುಸ್ತಕವೊಂದು ಮನೆಗೆ ಬರುತ್ತದೆ. ಮಕ್ಕಳು ‘ಎ’ಯಿಂದ ಆರಂಭಿಸಿ, ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತಾ, ಒಂದೊಂದು ಪುಟವನ್ನೂ ನಾಲ್ಕೈದು ಸಲ ಓದುತ್ತಾರೆ. ‘ಸಿ’ ಅಕ್ಷರಕ್ಕೆ ಬರುವ ಹೊತ್ತಿಗೆ ‘ಎ’ ಮರೆತಿರುತ್ತದೆ. ಆಗ ಅವರು ತಮ್ಮ ಬಗ್ಗೆಯೇ ಒಂದು ತೀರ್ಪು ಕೊಟ್ಟುಕೊಳ್ಳುತ್ತಾರೆ: ನನಗೆ ಜ್ಞಾಪಕಶಕ್ತಿ ಕಡಿಮೆ, ನಾನು ಕನ್ನಡ ಮಾಧ್ಯಮದವನು, ಇಂಗ್ಲಿಷ್ ನನಗೆ ಹತ್ತುವುದಿಲ್ಲ.

ಈ ತೀರ್ಪು ತಪ್ಪು. ನೆನಪಿನ ಕುರಿತು 140 ವರ್ಷಗಳಿಂದ ನಡೆದಿರುವ ಪ್ರಯೋಗಗಳು ದೋಷವನ್ನು ಮಗುವಿನ ತಲೆಯಲ್ಲಿ ತೋರಿಸುವುದಿಲ್ಲ, ಓದುವ ಕ್ರಮದಲ್ಲಿ ತೋರಿಸುತ್ತವೆ.

ಕೊಡಗಿನ ಮಕ್ಕಳ ಮಟ್ಟಿಗಂತೂ ಪದ ಕಲಿಯುವ ಶಕ್ತಿಯ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ವಿರಾಜಪೇಟೆಯ ಸಂತೆಯಲ್ಲಿ ಮಲಯಾಳಂ, ನೆರೆಮನೆಯಲ್ಲಿ ತುಳುವೋ ಬ್ಯಾರಿಯೋ, ತೋಟದ ಲೈನ್‌ಮನೆಗಳ ಕಡೆಯಿಂದ ತಮಿಳು, ಈಚಿನ ವರ್ಷಗಳಲ್ಲಿ ಹಿಂದಿ, ಅಸ್ಸಾಮಿ. ಇಷ್ಟನ್ನು ಕೇಳಿ ಬೆಳೆದ ಮಗು ಯಾವ ಪಟ್ಟಿಯೂ ಇಲ್ಲದೆ ಎರಡು ಮೂರು ಭಾಷೆಗಳ ಸಾವಿರಾರು ಪದಗಳನ್ನು ಮನಸ್ಸಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡಿರುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರವೇ ಇಲ್ಲದ ಸ್ವರಗಳು ಕೊಡವ ಭಾಷೆಯಲ್ಲಿವೆ. ಮಗು ಅವನ್ನು ಕಿವಿಯಿಂದಲೇ ಹಿಡಿದು ನಾಲಿಗೆಗೆ ತಂದುಕೊಂಡಿದೆ. ಮಾರ್ಗರಿಟಾ ಕೌಶಾನ್ಸ್ಕಾಯಾ ಮತ್ತು ವಿಯೋರಿಕಾ ಮರಿಯನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರು ಪೂರ್ತಿ ಅಪರಿಚಿತವಾದ ಕೃತಕ ಪದಗಳನ್ನು ಒಂದೇ ಭಾಷೆ ಬಲ್ಲವರಿಗಿಂತ ಚೆನ್ನಾಗಿ ಕಲಿತರು. ಮನೆಮಾತು ಇಂಗ್ಲಿಷಿಗೆ ಅಡ್ಡಿ ಎಂದು ತಿಳಿದು ಮಕ್ಕಳೊಂದಿಗೆ ಕೊಡವ ತಕ್ಕನ್ನೂ ಅರೆಭಾಷೆಯನ್ನೂ ಬಿಟ್ಟಿರುವ ತಂದೆತಾಯಿಯರಿಗೆ ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ.

ಹಾಗಾದರೆ ಪಟ್ಟಿಯ ಪದಗಳು ಏಕೆ ನಿಲ್ಲುವುದಿಲ್ಲ?

1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಬಾಯಿಪಾಠ ಮಾಡುವುದು, ಬಿಡುವು ಕೊಟ್ಟು ಅದೇ ಸಾಲನ್ನು ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಅಳೆಯುವುದು ಅವನ ವಿಧಾನ. ಒಂದು ಗಂಟೆಯ ನಂತರ ಉಳಿತಾಯ ಸುಮಾರು ಶೇ 44ಕ್ಕೆ, ಒಂದು ದಿನದ ನಂತರ ಶೇ 34ರ ಆಸುಪಾಸಿಗೆ ಇಳಿದಿತ್ತು. ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸಿ, ನೋಡಿ, ನೆನಪು ಎಷ್ಟು ಬೇಗ ಅಳಿಯುತ್ತದೆ ಎನ್ನುತ್ತವೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಅಂಕಿ. 31 ದಿನಗಳ ನಂತರವೂ ಶೇ 21ರಷ್ಟು ಉಳಿತಾಯವಿತ್ತು. ಅಂದರೆ ಮೊದಲ ಕೆಲವು ಗಂಟೆಗಳಲ್ಲಿ ಕಡಿದಾಗಿ ಇಳಿಯುವ ಮರೆವು ಆಮೇಲೆ ಬಹುತೇಕ ಸಮತಟ್ಟಾಗುತ್ತದೆ. ಮರೆತಂತೆ ಕಾಣುವ ಪದ ಸಂಪೂರ್ಣ ಅಳಿದಿರುವುದಿಲ್ಲ. ಅದರ ಬಳಿಗೆ ಹೋಗುವ ದಾರಿ ಮಾತ್ರ ದುರ್ಬಲವಾಗಿರುತ್ತದೆ.

ಆ ದಾರಿ ಗಟ್ಟಿಯಾಗುವುದು ಹೇಗೆ ಎಂಬುದನ್ನು ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರ ಪ್ರಯೋಗದಲ್ಲಿ ತೋರಿಸಿದರು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಲಾಯಿತು. ಒಂದು ಪದ ಒಮ್ಮೆ ಸರಿಯಾಗಿ ನೆನಪಿಗೆ ಬಂದ ಮೇಲೆ ಏನು ಮಾಡಬೇಕು ಎಂಬುದರಲ್ಲಿ ಮಾತ್ರ ಗುಂಪುಗಳ ನಡುವೆ ವ್ಯತ್ಯಾಸವಿತ್ತು. ಕೆಲವರು ಅದನ್ನು ಮತ್ತೆ ಮತ್ತೆ ಓದುತ್ತಿದ್ದರು, ಆದರೆ ಅದರ ಬಗ್ಗೆ ಪರೀಕ್ಷೆ ಇರಲಿಲ್ಲ. ಇನ್ನು ಕೆಲವರು ಮತ್ತೆ ಓದುತ್ತಿರಲಿಲ್ಲ, ಆದರೆ ಪ್ರತಿ ಸುತ್ತಿನಲ್ಲೂ ನೆನಪಿನಿಂದ ಉತ್ತರಿಸಬೇಕಿತ್ತು. ಒಂದು ವಾರದ ನಂತರ, ನೆನಪಿನಿಂದ ತೆಗೆಯುತ್ತಲೇ ಇದ್ದವರಿಗೆ ಶೇ 80ರಷ್ಟು ಪದಗಳು ನೆನಪಿದ್ದವು. ಓದುತ್ತಲೇ ಇದ್ದವರಿಗೆ ಉಳಿದದ್ದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಸುಮಾರು ಅರ್ಧದಷ್ಟು ಎಂದಿದ್ದರು. ಯಾವ ಓದು ಕೆಲಸ ಮಾಡುತ್ತಿದೆ ಎಂಬುದು ಓದುವವರಿಗೇ ತಿಳಿಯುವುದಿಲ್ಲ. ಪುಟವನ್ನು ಐದನೆಯ ಸಲ ಓದುವಾಗ ಪದ ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ನಾವು ಕಲಿಕೆ ಎಂದು ನಂಬುತ್ತೇವೆ.

ಆದ್ದರಿಂದ ಪುಸ್ತಕವನ್ನು ಮುಚ್ಚಿ, ಅರ್ಥ ಏನೆಂದು ತಿಣುಕಾಡಬೇಕು. ಆ ಶ್ರಮವೇ ಕಲಿಕೆ. ಶ್ರಮ ಹೆಚ್ಚಿದಷ್ಟೂ ಲಾಭ ಹೆಚ್ಚು, ಕೊನೆಗೆ ಉತ್ತರ ಸಿಗುವಂತಿದ್ದರೆ. ಮರೆವಿಗೆ ಸ್ವಲ್ಪ ಕಾಲಾವಕಾಶ ಕೊಟ್ಟ ಮೇಲೆ ನೆನಪಿಸಿಕೊಂಡರೆ ಪದ ಹೆಚ್ಚು ಕಾಲ ಉಳಿಯುವುದು ಇದರಿಂದಲೇ. ಎಷ್ಟು ಅವಕಾಶ? ನಿಕೊಲಸ್ ಸೆಪೇಡಾ ಮತ್ತು ಸಂಗಡಿಗರು 2008ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಅದು ಪರೀಕ್ಷೆಯ ದಿನವನ್ನು ಅವಲಂಬಿಸುತ್ತದೆ ಎಂದು ಕಂಡುಕೊಂಡರು. ವಾರದಲ್ಲಿ ಪರೀಕ್ಷೆಯಿದ್ದರೆ ಎರಡು ಓದುಗಳ ನಡುವೆ ಒಂದು ದಿನದ ಅಂತರ ಒಳ್ಳೆಯದು. ಸುಮಾರು ಒಂದು ವರ್ಷ ನೆನಪಿರಬೇಕಾದರೆ ಅಂತರ ಮೂರು ವಾರದಷ್ಟಿರಬೇಕು.

ಇದನ್ನು ಮೊಬೈಲ್ ಇಲ್ಲದೆಯೂ ಮಾಡಬಹುದು. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕ 1970ರ ದಶಕದಲ್ಲಿ ಒಂದು ಪೆಟ್ಟಿಗೆಯ ಉಪಾಯವನ್ನು ಜನಪ್ರಿಯಗೊಳಿಸಿದ. ರಟ್ಟಿನ ಪೆಟ್ಟಿಗೆಯಲ್ಲಿ ಐದು ಮನೆಗಳು. ಚೀಟಿಯ ಒಂದು ಬದಿಯಲ್ಲಿ ಪದ, ಇನ್ನೊಂದು ಬದಿಯಲ್ಲಿ ಅರ್ಥ. ಹೊಸ ಚೀಟಿಗಳೆಲ್ಲ ಮೊದಲ ಮನೆಯಲ್ಲಿ. ಉತ್ತರ ಸರಿಯಾದರೆ ಚೀಟಿ ಮುಂದಿನ ಮನೆಗೆ ಹೋಗುತ್ತದೆ, ತಪ್ಪಾದರೆ ಎಲ್ಲಿದ್ದರೂ ಮೊದಲಿನದಕ್ಕೆ ಮರಳುತ್ತದೆ. ಮೊದಲ ಮನೆಯನ್ನು ದಿನವೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ಹೀಗೆ ಅಂತರ ಹಿಗ್ಗಿಸುತ್ತಾ ನೋಡಬೇಕು. ಅರೇಬಿಕಾ ತೋಟದಲ್ಲಿ ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ದು, ಹಸಿರು ಕಾಯಿಯನ್ನು ಗಿಡದಲ್ಲೇ ಬಿಟ್ಟು ಮುಂದಿನ ಸುತ್ತಿನಲ್ಲಿ ಬರುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ: ಎಲ್ಲ ಗಿಡಕ್ಕೂ ಒಂದೇ ದಿನ ಕೈ ಹಾಕಿದರೆ ಕೂಲಿಯೂ ವ್ಯರ್ಥ, ಫಸಲೂ ವ್ಯರ್ಥ.

ಇನ್ನು ಸಮಾನಾರ್ಥಕಗಳ ಗುಂಪಿನ ವಿಷಯ. ಸಿದ್ಧ ಪುಸ್ತಕಗಳಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸುವುದು ಇದು. ‘ಮಿಟಿಗೇಟ್’, ‘ಅಲೀವಿಯೇಟ್’, ‘ಅಲೇ’, ‘ಅಸ್ವೇಜ್’ ಎಂಬ ನಾಲ್ಕನ್ನೂ ಒಂದೇ ಸಾಲಿನಲ್ಲಿಟ್ಟು ‘ಕಡಿಮೆ ಮಾಡು’ ಎಂದು ಬರೆದಿರುತ್ತಾರೆ. ಒಂದೇ ಬಗೆಯ ಅರ್ಥದ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತವೆ, ಸಂಬಂಧವಿಲ್ಲದ ಪದಗಳ ಗುಂಪಿಗಿಂತ ಹೆಚ್ಚು ಸಮಯ ಹಿಡಿಯುತ್ತವೆ ಎಂಬುದನ್ನು ಥಾಮಸ್ ಟಿಂಕ್‌ಹ್ಯಾಮ್ 1990ರ ದಶಕದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅಲ್ಲದೆ ಆ ನಾಲ್ಕು ಪದಗಳು ಒಂದೇ ಅಲ್ಲ. ಅಪಾಯವನ್ನು ‘ಮಿಟಿಗೇಟ್’ ಮಾಡುತ್ತಾರೆ, ನೋವನ್ನು ಮತ್ತು ಬಡತನವನ್ನು ‘ಅಲೀವಿಯೇಟ್’, ಭಯ ಸಂದೇಹಗಳನ್ನು ‘ಅಲೇ’, ತಪ್ಪಿತಸ್ಥ ಭಾವವನ್ನು ‘ಅಸ್ವೇಜ್’. ಪ್ರತಿ ಪದಕ್ಕೂ ತನ್ನದೇ ಸಹವಾಸವಿದೆ. ಆ ಸಹವಾಸ ಗೊತ್ತಿಲ್ಲದೆ ಪದ ಗೊತ್ತಿದೆ ಎನ್ನಲಾಗುವುದಿಲ್ಲ. ಒಂದನ್ನು ಈ ವಾರ ಕಲಿತು, ಅದು ನಿಂತ ಮೇಲೆ ಇನ್ನೊಂದನ್ನು ತರುವುದು ಕ್ಷೇಮ.

ಸಹವಾಸ ತಿಳಿಯುವುದು ವಾಕ್ಯದಿಂದ. ಆ ವಾಕ್ಯ ನಮ್ಮ ಬದುಕಿಗೆ ತಾಗಿದ್ದಾದರೆ ಇನ್ನೂ ಒಳ್ಳೆಯದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಮೇಲೆ ಕೊಡಗಿನ ಭೂಕುಸಿತದ ಬಗ್ಗೆ ಇಂಗ್ಲಿಷಿನಲ್ಲಿ ಬಹಳಷ್ಟು ಬರಹಗಳು ಬಂದಿವೆ. ಮಣ್ಣು ನೀರು ಕುಡಿದು ತುಂಬಿಹೋಗುವುದಕ್ಕೆ ಅಲ್ಲಿ ‘ಸ್ಯಾಚುರೇಟ್’ ಎಂಬ ಪದ ಬರುತ್ತದೆ. ಜಾರುವ ಸಾಧ್ಯತೆಯಿರುವ ಇಳಿಜಾರಿಗೆ ‘ಸಸೆಪ್ಟಿಬಲ್’, ಅಂಚಿನಲ್ಲಿ ಅಪಾಯಕರವಾಗಿ ನಿಂತ ಮನೆಗೆ ‘ಪ್ರಿಕೇರಿಯಸ್’, ಹಾನಿ ತಗ್ಗಿಸುವ ಕ್ರಮಕ್ಕೆ ಅದೇ ‘ಮಿಟಿಗೇಟ್’. ಆ ಮಳೆಯನ್ನು ಕಂಡ ಮಗುವಿಗೆ ಈ ನಾಲ್ಕೂ ಪದಗಳ ಅರ್ಥ ಮೊದಲೇ ಗೊತ್ತು, ಹೆಸರಷ್ಟೇ ಹೊಸದು. 1975ರಲ್ಲಿ ಫರ್ಗಸ್ ಕ್ರೇಕ್ ಮತ್ತು ಎಂಡೆಲ್ ಟಲ್ವಿಂಗ್ ನಡೆಸಿದ ಪ್ರಯೋಗಗಳಲ್ಲಿ, ಪದದ ಅಕ್ಷರಗಳ ರೂಪವನ್ನಷ್ಟೇ ಗಮನಿಸಿದವರಿಗಿಂತ ಅದು ಒಂದು ವಾಕ್ಯಕ್ಕೆ ಹೊಂದುತ್ತದೆಯೇ ಎಂದು ಯೋಚಿಸಿದವರಿಗೆ ಅದು ಬಹಳ ಚೆನ್ನಾಗಿ ನೆನಪಿತ್ತು. ಚೀಟಿಯ ಹಿಂದೆ ಅರ್ಥದ ಜೊತೆ ಇಂಥ ಒಂದು ವಾಕ್ಯವನ್ನೂ ಬರೆಯಬೇಕು.

ಬಾಯಿಬಿಟ್ಟು ಉಚ್ಚರಿಸುವುದನ್ನೂ ಬಿಡಬಾರದು. ವೈದ್ಯವಿಜ್ಞಾನದಲ್ಲಿ ಪಿ.ವಿ. ಎಂಬ ಸಂಕೇತದಿಂದ ಹೆಸರಾದ ಇಟಲಿಯ ಮಹಿಳೆಯೊಬ್ಬರಿಗೆ ಮಿದುಳಿನ ಹಾನಿಯಿಂದಾಗಿ, ಕೇಳಿದ ಧ್ವನಿಗಳನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಕುಂದಿತ್ತು. ಮಾತು, ಬುದ್ಧಿ ಸರಿಯಾಗಿದ್ದವು. ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1988ರಲ್ಲಿ ಅವರಿಗೆ ಎರಡು ಬಗೆಯ ಜೋಡಿಗಳನ್ನು ಕಲಿಸಿದರು. ಪರಿಚಿತ ಇಟಾಲಿಯನ್ ಪದಗಳ ಜೋಡಿಗಳನ್ನು ಅವರು ಎಲ್ಲರಂತೆ ಕಲಿತರು. ರಷ್ಯನ್ ಪದಗಳನ್ನು ಕೇಳಿಸಿದಾಗ ಒಂದೂ ನಿಲ್ಲಲಿಲ್ಲ. ಹೊಸ ಪದದ ಅರ್ಥ ಹಿಡಿಯುವ ಮೊದಲು ಅದರ ಧ್ವನಿ ಮನಸ್ಸಿನಲ್ಲಿ ಕೆಲ ಹೊತ್ತು ತಿರುಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಓದಿಲ್ಲ. ಸದ್ದಿಲ್ಲದೆ ಕಣ್ಣಾಡಿಸುವ ಮಕ್ಕಳು ಈ ಮೊದಲ ಹಂತವನ್ನೇ ಹಾರಿಸಿಬಿಡುತ್ತಾರೆ. ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಂಡರೂ ತಪ್ಪೇನಿಲ್ಲ. ಎಲ್ಲಿ ಒತ್ತಿ ಹೇಳಬೇಕೋ ಅಲ್ಲಿ ಒಂದು ಗೆರೆ ಎಳೆದರಾಯಿತು.

ನಿದ್ರೆಯ ಪಾತ್ರವೂ ಇದೆ. 2007ರಲ್ಲಿ ನಿಕೊಲಾ ಡ್ಯುಮೇ ಮತ್ತು ಗ್ಯಾರೆತ್ ಗ್ಯಾಸ್ಕೆಲ್ ಕೆಲವರಿಗೆ ಬೆಳಿಗ್ಗೆ, ಕೆಲವರಿಗೆ ರಾತ್ರಿ ಹೊಸ ಪದಗಳನ್ನು ಕಲಿಸಿ 12 ಗಂಟೆಗಳ ನಂತರ ಪರೀಕ್ಷಿಸಿದರು. ನಡುವೆ ನಿದ್ರೆ ಮಾಡಿದವರಲ್ಲಿ ಮಾತ್ರ ಹೊಸ ಪದಗಳು ಹಳೆಯ ಪದಗಳೊಂದಿಗೆ ಬೆರೆತು ಪೈಪೋಟಿಗಿಳಿದಿದ್ದವು, ಅಂದರೆ ಮನಸ್ಸಿನ ಪದಕೋಶದಲ್ಲಿ ನೆಲೆಗೊಂಡಿದ್ದವು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಪಟ್ಟಿ ಓದುವುದು ಎರಡು ಕಡೆಯಿಂದಲೂ ನಷ್ಟ: ಓದುಗಳ ನಡುವೆ ಅಂತರವೂ ಇಲ್ಲ, ನಿದ್ರೆಯೂ ಇಲ್ಲ.

ಯಾವ ಪದಗಳನ್ನು ಕಲಿಯಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಪುಸ್ತಕದಲ್ಲಿರುವುದನ್ನೆಲ್ಲ ಕಲಿಯಬೇಕು ಎಂದುಕೊಳ್ಳುತ್ತಾರೆ. ಜಾರ್ಜ್ ಜಿಫ್ ಎಂಬ ಅಮೆರಿಕನ್ ವಿದ್ವಾಂಸ ತೋರಿಸಿದಂತೆ ಭಾಷೆಯಲ್ಲಿ ಕೆಲವೇ ಪದಗಳು ಅತಿ ಹೆಚ್ಚು ಬಳಕೆಯಾಗುತ್ತವೆ, ಉಳಿದ ಅಸಂಖ್ಯ ಪದಗಳು ಅಪರೂಪಕ್ಕೆ ತಲೆಹಾಕುತ್ತವೆ. ಅವಿಭಜಿತ ಭಾರತದ ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್, ಕಲಿಯುವವರಿಗೆ ಅತ್ಯಗತ್ಯವಾದ ಸುಮಾರು 2,000 ಪದಗಳ ಪಟ್ಟಿಯನ್ನು 1953ರಲ್ಲಿ ಹೊರತಂದರು. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಅದಕ್ಕೆ ಹೊರತಾದ 570 ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಇನ್ನೊಂದು ಪಟ್ಟಿ ಮಾಡಿದರು. ಕಾಲೇಜು ಮಟ್ಟದ ಯಾವ ವಿಷಯದ ಬರಹ ತೆಗೆದುಕೊಂಡರೂ ಸರಾಸರಿ ಹತ್ತು ಪದಗಳಲ್ಲೊಂದು ಈ 570ರಿಂದ ಬರುತ್ತದೆ. ‘ಅನಲೈಸ್’, ‘ಡಿರೈವ್’, ‘ಸಿಗ್ನಿಫಿಕೆಂಟ್’ ಈ ಬಗೆಯವು. ಇವುಗಳನ್ನು ಅರಗಿಸಿಕೊಳ್ಳದೆ, ಜೀವಮಾನದಲ್ಲಿ ಒಮ್ಮೆಯೂ ಎದುರಾಗದ ‘ಸೆಸ್ಕ್ವಿಪಿಡೇಲಿಯನ್’ನಂಥ ಪದಗಳ ಹಿಂದೆ ಬೀಳುವ ಮಕ್ಕಳನ್ನು ಕಂಡರೆ ಅವರ ಸಮಯದ ಬಗ್ಗೆ ಮರುಕವಾಗುತ್ತದೆ. ದಿನಪತ್ರಿಕೆಯನ್ನೋ ಕಾದಂಬರಿಯನ್ನೋ ಯಾರ ನೆರವಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು ಎಂದು ಪಾಲ್ ನೇಷನ್ 2006ರಲ್ಲಿ ಅಂದಾಜಿಸಿದ್ದಾರೆ. ಅಷ್ಟನ್ನೂ ಚೀಟಿಯಲ್ಲಿ ಬರೆದು ಕಲಿಯಲಾಗದು. ಆ ದೂರ ಕ್ರಮಿಸಲು ಓದೊಂದೇ ದಾರಿ.

ಓದುವಾಗ ಪದಗಳನ್ನು ಒಡೆದು ನೋಡುವ ಕಲೆ ನೆರವಾಗುತ್ತದೆ. ಆಹಾರ, ವಿಹಾರ, ಸಂಹಾರ, ಪ್ರಹಾರಗಳಲ್ಲಿ ಒಂದೇ ಧಾತುವನ್ನು ಗುರುತಿಸಬಲ್ಲ ಕನ್ನಡ ವಿದ್ಯಾರ್ಥಿಗೆ ‘ಇನ್‌ಸ್ಪೆಕ್ಟ್’, ‘ರೆಟ್ರೊಸ್ಪೆಕ್ಟ್’, ‘ಸರ್ಕಮ್‌ಸ್ಪೆಕ್ಟ್’ಗಳಲ್ಲಿ ‘ನೋಡು’ ಎಂಬ ಲ್ಯಾಟಿನ್ ಧಾತು ಕಾಣಲು ಹೆಚ್ಚು ಹೊತ್ತು ಬೇಡ: ಒಳಗೆ ನೋಡುವುದು, ಹಿಂದಕ್ಕೆ ನೋಡುವುದು, ಸುತ್ತಲೂ ನೋಡಿ ಹೆಜ್ಜೆ ಇಡುವುದು. ಆದರೆ ಧಾತು ಊಹೆಗೆ ಮಾತ್ರ. ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತದ್ದು ಎಂದು ಊಹಿಸಿದವರು ಪೆಟ್ರೋಲ್ ಟ್ಯಾಂಕರಿನ ಹಿಂದಿನ ಬರಹವನ್ನು ತಿರುವುಮುರುವಾಗಿ ಓದಿದಂತಾಯಿತು.

ಕೊನೆಯದಾಗಿ ಸಂದರ್ಶನದ ವಿಷಯ. ಎನ್‌ಡಿಎ ಲಿಖಿತ ಪರೀಕ್ಷೆಯಲ್ಲಿ ಕೊಟ್ಟ ಆಯ್ಕೆಗಳಲ್ಲಿ ಅರ್ಥವನ್ನು ಗುರುತಿಸಿದರೆ ಸಾಕು. ಅದರಲ್ಲಿ ಗೆದ್ದವರು ಹೋಗುವ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನದಲ್ಲಿ ಗುಂಪು ಚರ್ಚೆ ಇರುತ್ತದೆ, ಅಲ್ಲಿ ಪದ ತಾನಾಗಿಯೇ ಬಾಯಿಗೆ ಬರಬೇಕು. ಪದ ಕಂಡು ಅರ್ಥ ಹೇಳುವುದಕ್ಕಿಂತ, ಅರ್ಥವನ್ನು ಹಿಡಿದು ಪದವನ್ನು ಹುಡುಕುವುದು ಕಷ್ಟ. ಒಂದನ್ನು ಅಭ್ಯಾಸ ಮಾಡಿದರೆ ಇನ್ನೊಂದು ತಾನಾಗಿ ಪೂರ್ತಿ ಬರುವುದಿಲ್ಲ. ಹಾಗಾಗಿ ಪೆಟ್ಟಿಗೆಯ ಐದನೆಯ ಮನೆಯಲ್ಲೂ ಸರಿಯುತ್ತರ ಪಡೆದ ಚೀಟಿಯನ್ನು ಎಸೆಯದೆ, ತಿರುಗಿಸಿ ಮತ್ತೆ ಮೊದಲ ಮನೆಗೆ ಹಾಕಬೇಕು. ಈ ಸಲ ಕನ್ನಡದ ಅರ್ಥ ಮೇಲೆ, ಇಂಗ್ಲಿಷ್ ಪದ ಕೆಳಗೆ. ಉತ್ತರವಾಗಿ ಪದವೊಂದೇ ಸಾಲದು, ಅದನ್ನು ಬಳಸಿ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಬೇಕು.