ಪರದೆ ಕಪ್ಪಾದರೆ ಕೇಬಲ್ ಬಿಡಿ, ಗುಣಾಕಾರ ಮಾಡಿ

ಲಿನಕ್ಸ್ ಅಪ್‌ಡೇಟ್ ಆದ ಮೇಲೆ ಮಾನಿಟರ್ ಕಪ್ಪಾಯಿತು ಅಂದರೆ ಬಹಳ ಜನ ಮೊದಲು ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಆಮೇಲೆ ದುಬಾರಿ ಕೇಬಲ್ ತರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮಾನಿಟರೇ ಹೋಯಿತು ಅನ್ನುತ್ತಾರೆ. ಆದರೆ ಹಳೆಯ ಕರ್ನಲ್‌ಗೆ (ಲಿನಕ್ಸ್‌ನ ತಿರುಳು ತಂತ್ರಾಂಶಕ್ಕೆ) ಮರಳಿದ ಕೂಡಲೇ ಅದೇ ಕೇಬಲ್‌ನಲ್ಲಿ, ಅದೇ ಮಾನಿಟರ್‌ನಲ್ಲಿ ಚಿತ್ರ ಬರುತ್ತದೆ ಅಂದರೆ ತಂತಿಯ ತಪ್ಪೇನು? ಆಗ ಪರದೆಗೆ ಚಿತ್ರ ಕಳಿಸುವ ತಂತ್ರಾಂಶವಾದ ಡಿಸ್‌ಪ್ಲೇ ಡ್ರೈವರ್ ಕಡೆಗೆ ತಿರುಗಬೇಕು. ಅದರಲ್ಲೂ ಮೊದಲು ನೋಡಬೇಕಾದ ಸಂಖ್ಯೆ ಪಿಕ್ಸೆಲ್ ಕ್ಲಾಕ್, ಅಂದರೆ ಸೆಕೆಂಡಿಗೆ ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕಿ) ಕಳಿಸಬೇಕು ಎಂಬ ವೇಗ.

ಒಂದು ಲೆಕ್ಕ ಹಾಕೋಣ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್, ಉದ್ದಕ್ಕೆ 1080 ಸಾಲು. ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸುಮಾರು 12.44 ಕೋಟಿ ಪಿಕ್ಸೆಲ್. ಆದರೆ ಎಚ್‌ಡಿಎಂಐನಲ್ಲಿ ಈ ಚಿತ್ರಕ್ಕೆ ಬೇಕಾದ ಪಿಕ್ಸೆಲ್ ಕ್ಲಾಕ್ 148.5 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 14.85 ಕೋಟಿ. ಮಿಕ್ಕ 2.4 ಕೋಟಿ ಎಲ್ಲಿ ಹೋಯಿತು?

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಪರದೆಗೆ ಹೋಗುವ ಚಿತ್ರ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು. ಕೈಬರಹದಲ್ಲಿ ಒಂದು ಸಾಲು ಮುಗಿದ ಮೇಲೆ ಕೈಯನ್ನು ಮತ್ತೆ ಎಡಕ್ಕೆ ತರಬೇಕಲ್ವಾ? ಆ ಹೊತ್ತಿನಲ್ಲಿ ಅಕ್ಷರ ಮೂಡುವುದಿಲ್ಲ, ಆದರೆ ಸಮಯ ಹೋಗುತ್ತದೆ. ಹಳೆಯ ಟ್ಯೂಬ್ ಪರದೆಯಲ್ಲಿ ಎಲೆಕ್ಟ್ರಾನ್ ಕಿರಣಕ್ಕೂ ಹೀಗೇ ಸಮಯ ಬೇಕಿತ್ತು. ಪ್ರತಿ ಸಾಲಿನ ಕೊನೆಗೆ ಎಡಕ್ಕೆ, ಪ್ರತಿ ಚಿತ್ರದ ಕೊನೆಗೆ ಮೇಲಕ್ಕೆ. ಈ ಖಾಲಿ ಹೊತ್ತಿಗೆ ಬ್ಲಾಂಕಿಂಗ್ ಎಂದು ಹೆಸರು. ಫುಲ್ ಎಚ್‌ಡಿಯಲ್ಲಿ ಸಾಲಿಗೆ 280 ಪಿಕ್ಸೆಲ್, ಚಿತ್ರಕ್ಕೆ 45 ಸಾಲು ಹೀಗೆ ಖಾಲಿ. ಒಟ್ಟು 2200 ಪಿಕ್ಸೆಲ್, 1125 ಸಾಲು. ಈಗ 60ರಿಂದ ಗುಣಿಸಿ: 148.5 ಮೆಗಾಹರ್ಟ್ಸ್, ಕರಾರುವಾಕ್ಕಾಗಿ.

ಎಲ್‌ಸಿಡಿಯಲ್ಲಿ ಕಿರಣವೇ ಇಲ್ಲ, ಆದರೂ ಖಾಲಿ ಜಾಗ ಉಳಿದಿದೆ. ಸುಮ್ನೆ ಉಳಿದದ್ದಲ್ಲ. ಎಚ್‌ಡಿಎಂಐನಲ್ಲಿ ಧ್ವನಿ ಸಾಗುವುದು ಈ ಖಾಲಿ ಜಾಗದಲ್ಲೇ. ಇತಿಹಾಸದ ಉಳಿಕೆ ಇನ್ನೂ ಇದೆ. 1953ರಲ್ಲಿ ಅಮೆರಿಕದ ಟಿವಿಗೆ ಬಣ್ಣ ಸೇರಿಸಿದಾಗ, ಬಣ್ಣದ ಸಂಕೇತ ಧ್ವನಿಯ ಸಂಕೇತಕ್ಕೆ ಅಡ್ಡಿಯಾಗದಿರಲಿ ಎಂದು ಸೆಕೆಂಡಿಗೆ 60 ಇದ್ದದ್ದನ್ನು 59.94ಕ್ಕೆ ಇಳಿಸಿದರು. ಕಂಪ್ಯೂಟರ್ ಪರದೆಗಳ 1987ರ ಮಾನದಂಡವಾದ ವಿಜಿಎಗೂ ಅದು ಬಂತು. ಖಾಲಿ ಜಾಗ ಸೇರಿ ಅದರ ಸಾಲಿಗೆ 800 ಪಿಕ್ಸೆಲ್, ಚಿತ್ರಕ್ಕೆ 525 ಸಾಲು, ಸೆಕೆಂಡಿಗೆ 59.94 ಚಿತ್ರ; ಗುಣಿಸಿದರೆ ಅದರ 25.175 ಮೆಗಾಹರ್ಟ್ಸ್ ಸಿಗುತ್ತದೆ. ಇವತ್ತಿನ ಡ್ರೈವರ್‌ಗಳಲ್ಲೂ ಈ ಸಂಖ್ಯೆ ಇದೆ.

ಸರಿ, ಮಾನಿಟರ್ ತನಗೆ ಬೇಕಾದ ಕ್ಲಾಕ್ ಯಾವುದೆಂದು ಇಡಿಐಡಿ ಎಂಬ ಪುಟ್ಟ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ಅದರ ಮೂಲ ತುಂಡು ಬರೀ 128 ಬೈಟ್. ಅದರಲ್ಲಿ ಕ್ಲಾಕ್ ಇರುವುದು 10 ಕಿಲೋಹರ್ಟ್ಸ್ ಲೆಕ್ಕದಲ್ಲಿ: 14850. ಲಿನಕ್ಸ್‌ನ ಡಿಸ್‌ಪ್ಲೇ ಭಾಗ ಅದನ್ನು ಕಿಲೋಹರ್ಟ್ಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕ್ಲಾಕ್ ನೋಡಿಕೊಳ್ಳುವ ಭಾಗ ಹರ್ಟ್ಸ್‌ನಲ್ಲಿ ಕೇಳುತ್ತದೆ. ಒಂದೇ ಸಂಖ್ಯೆಗೆ ಮೂರು ಅಳತೆ! ಎಲ್ಲೋ ಒಂದು ಸೊನ್ನೆ ತಪ್ಪಿದರೆ ಪರದೆ ಕಪ್ಪು. 4ಕೆ ಚಿತ್ರದ 594 ಮೆಗಾಹರ್ಟ್ಸ್ ಅನ್ನು ಹತ್ತರಿಂದ ಗುಣಿಸಿ ಬಿಟ್ ವೇಗ ತೆಗೆಯುವ ಕಡೆ 32 ಬಿಟ್ ಜಾಗ ಕೊಟ್ಟಿದ್ದರೆ, 594 ಕೋಟಿ ಅದರಲ್ಲಿ ಹಿಡಿಸುವುದಿಲ್ಲ. ಜಾಗ ತುಂಬಿದ ಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿ, ಸಂಖ್ಯೆ ಸದ್ದಿಲ್ಲದೆ 164 ಕೋಟಿಗೆ ಬಂದುಬಿಡುತ್ತದೆ. ಫುಲ್ ಎಚ್‌ಡಿ ಚೆನ್ನಾಗಿ ಓಡುತ್ತದೆ, 4ಕೆ ಮಾತ್ರ ಇಲ್ಲ. ಜನ ಮತ್ತೆ ಕೇಬಲ್ ಬದಲಿಸುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪಿಎಲ್‌ಎಲ್‌ನ, ಅಂದರೆ ಕ್ಲಾಕ್ ತಯಾರಿಸುವ ಸರ್ಕ್ಯೂಟ್‌ನ ತೊಂದರೆ. ಬೋರ್ಡ್ ಮೇಲೆ ಒಂದೇ ವೇಗದಲ್ಲಿ ಮಿಡಿಯುವ 24 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಇದೆ ಅನ್ನಿ. ಪಿಎಲ್‌ಎಲ್ ಅದನ್ನು ಒಂದು ಪೂರ್ಣಾಂಕದಿಂದ ಗುಣಿಸಿ, ಇನ್ನೊಂದರಿಂದ ಭಾಗಿಸಿ ಬೇಕಾದ ವೇಗ ತಯಾರಿಸುತ್ತದೆ. 99ರಿಂದ ಗುಣಿಸಿ 16ರಿಂದ ಭಾಗಿಸಿದರೆ 148.5 ಸಿಗುತ್ತದೆ. ಆದರೆ ಆ ಚಿಪ್ 2, 4, 8ರಿಂದ ಮಾತ್ರ ಭಾಗಿಸಬಲ್ಲದು ಅಂತಿಟ್ಟುಕೊಳ್ಳಿ. ಆಗ ಹತ್ತಿರದ ಸಂಖ್ಯೆಗಳು ಎರಡೇ: 147 ಅಥವಾ 150. ಕೇಳಿದ್ದಕ್ಕಿಂತ ಜಾಸ್ತಿ ಕೊಡಬಾರದು ಎನ್ನುವ ಡ್ರೈವರ್ 147 ಆರಿಸುತ್ತದೆ. ಪರದೆಗೆ ಸೆಕೆಂಡಿಗೆ 60ರ ಬದಲು 59.4 ಚಿತ್ರ. ಅರ್ಧ ಶೇಕಡಾದಷ್ಟು ಹೆಚ್ಚುಕಡಿಮೆ ಆದರೆ ಒಪ್ಪುವುದು ರೂಢಿ. ಇಲ್ಲಿ ಒಂದು ಶೇಕಡಾ ತಪ್ಪಿದೆ. ಕೆಲವು ಮಾನಿಟರ್ ಸಹಿಸಿಕೊಳ್ಳುತ್ತವೆ. ಕೆಲವು ಮಿನುಗುತ್ತವೆ, ಕೆಲವು ಏನನ್ನೂ ತೋರಿಸುವುದಿಲ್ಲ. ಇನ್ನು ಕೆಲವದರಲ್ಲಿ ಚಿತ್ರ ಸರಿ ಇದ್ದು ಧ್ವನಿ ಒಡೆಯುತ್ತದೆ. ಟಿವಿ ತನ್ನ ಧ್ವನಿಯ ಕ್ಲಾಕನ್ನು ಪಿಕ್ಸೆಲ್ ಕ್ಲಾಕ್‌ನಿಂದಲೇ ತೆಗೆಯುವುದರಿಂದ ಹೀಗಾಗುತ್ತದೆ.

ಈಗ ಯಾರೋ ಒಬ್ಬರು, ತಮ್ಮ ಮಾನಿಟರ್ ಮಿನುಗುತ್ತದೆ ಎಂದು, ಅರ್ಧ ಶೇಕಡಾ ದಾಟಿದ ಮೋಡ್‌ಗಳನ್ನು (ಪರದೆಯ ಅಳತೆ ಮತ್ತು ವೇಗದ ಆಯ್ಕೆಗಳನ್ನು) ತಿರಸ್ಕರಿಸುವ ಸಾಲೊಂದನ್ನು ಡ್ರೈವರ್‌ಗೆ ಸೇರಿಸುತ್ತಾರೆ. ಪುಸ್ತಕದ ಪ್ರಕಾರ ಸರಿಯಾದ ತಿದ್ದುಪಡಿ. ಆದರೆ 147ರಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿ ಓಡುತ್ತಿದ್ದ ಎಲ್ಲ ಪರದೆಗಳಲ್ಲೂ ಫುಲ್ ಎಚ್‌ಡಿ ಮೋಡ್ ಮಾಯ. ರಿಗ್ರೆಶನ್, ಅಂದರೆ ಮೊದಲು ಓಡುತ್ತಿದ್ದದ್ದು ಹೊಸ ಬದಲಾವಣೆಯಿಂದ ಕೆಡುವುದು, ಹುಟ್ಟುವುದು ಹೀಗೆ.

ಕೆಟ್ಟ ಕಮಿಟ್ (ಕೋಡ್‌ಗೆ ಸೇರಿಸಿದ ಒಂದು ಬದಲಾವಣೆ) ಹುಡುಕುವುದು ಕಷ್ಟವಲ್ಲ. ಗಿಟ್ ಬೈಸೆಕ್ಟ್ ಎಂಬ ಸಲಕರಣೆ ಪ್ರತಿ ಸಲ ಹುಡುಕುವ ಜಾಗವನ್ನು ಅರ್ಧ ಮಾಡುತ್ತದೆ. ಸಾವಿರ ಕಮಿಟ್ ಇದ್ದರೆ ಹತ್ತು ಪರೀಕ್ಷೆ ಸಾಕು. ಆದರೆ ಸಿಕ್ಕಿದ ಕಮಿಟ್ಟೇ ಅಪರಾಧಿ ಎಂದು ನಂಬಬೇಡಿ. ಬಹಳ ಸಲ ಅದು ಮೊದಲೇ ಇದ್ದ ತಪ್ಪನ್ನು ಬಯಲಿಗೆ ತಂದಿರುತ್ತದೆ ಅಷ್ಟೆ. ಕೆಲವೊಮ್ಮೆ ಆ ಕಮಿಟ್ ಡಿಸ್‌ಪ್ಲೇ ಕೋಡ್ ಅನ್ನು ಮುಟ್ಟಿಯೇ ಇರುವುದಿಲ್ಲ. ಎರಡು ಪರದೆಗಳು ಒಂದೇ ಪಿಎಲ್‌ಎಲ್ ಹಂಚಿಕೊಂಡಿದ್ದರೆ, ಎರಡನೆಯದಕ್ಕೆ ಹೊಸ ವೇಗ ಇಟ್ಟಾಗ ಮೊದಲನೆಯದರ ವೇಗವೂ ಕದಲುತ್ತದೆ.

ಕರ್ನಲ್ ಬರೆದಿಡುವ ದಾಖಲೆ, ಅಂದರೆ ಲಾಗ್ ನೋಡುವಾಗ ಒಂದು ಎಚ್ಚರ. ಅಲ್ಲಿ ಸಾಮಾನ್ಯವಾಗಿ ಕಾಣುವುದು ಡ್ರೈವರ್ ಕೇಳಿದ ಸಂಖ್ಯೆ, ಹಾರ್ಡ್‌ವೇರ್ ಕೊಟ್ಟದ್ದಲ್ಲ. 148500 ಎಂದು ಓದಿ "ಕ್ಲಾಕ್ ಸರಿಯಾಗಿದೆ" ಎಂದು ಮುಂದೆ ಹೋಗುವುದು ನನಗೆ ಅತ್ಯಂತ ಬೇಸರ ತರಿಸುವ ತಪ್ಪು. ತಪಾಸಣೆಗೆಂದೇ ಇರುವ ಕರ್ನಲ್‌ನ ಡಿಬಗ್‌ಎಫ್‌ಎಸ್ ಎಂಬ ಕಡತಗಳ ಜಾಗದಲ್ಲಿ ಎಲ್ಲ ಕ್ಲಾಕ್‌ಗಳ ಪಟ್ಟಿ ಇರುತ್ತದೆ. ಹಳೆಯ ಕರ್ನಲ್‌ನಲ್ಲೊಮ್ಮೆ, ಹೊಸದರಲ್ಲೊಮ್ಮೆ ಅದನ್ನು ತೆಗೆದು ಪಕ್ಕಪಕ್ಕ ಇಡಿ.

ಮುಂದೇನು? ಲಿನಕ್ಸ್‌ನಲ್ಲಿ ನಿಯಮ ಖಡಾಖಂಡಿತ: ನಿನ್ನೆ ಓಡಿದ್ದು ಇವತ್ತು ನಿಲ್ಲಬಾರದು. ನನ್ನ ಮತವೂ ಅದೇ. ಮೊದಲು ಅರ್ಧ ಶೇಕಡಾದ ಆ ಬಿಗಿ ಪರೀಕ್ಷೆಯನ್ನು ಹಿಂದಕ್ಕೆ ತೆಗೆಯಬೇಕು. ಆಮೇಲೆ ನಿಜವಾದ ತಪ್ಪಿಗೆ ಕೈ ಹಾಕಬೇಕು. ಪಿಎಲ್‌ಎಲ್‌ಗೆ ಭಿನ್ನರಾಶಿಯಲ್ಲಿ ಗುಣಿಸುವ ಶಕ್ತಿ ಇದ್ದೂ ಡ್ರೈವರ್ ಅದನ್ನು ಬಳಸುತ್ತಿಲ್ಲವೇ ಎಂದು ಚಿಪ್‌ನ ಕೈಪಿಡಿಯಲ್ಲಿ ನೋಡಬೇಕು. ಇದ್ದರೆ 6.1875ರಿಂದ ಗುಣಿಸಲಿ. ನಿಖರವಾದ 148.5 ಸಿಗುತ್ತದೆ, ಬಿಗಿ ಪರೀಕ್ಷೆಯನ್ನು ಮತ್ತೆ ಸೇರಿಸಿದರೂ ಯಾರ ಪರದೆಯೂ ಕಪ್ಪಾಗುವುದಿಲ್ಲ.