ಪದರ ಲೋಹದ ಬಲ ಸಂದಿಯಲ್ಲಿದೆ

ಎಷ್ಟೋ ಹಡಗುಗಳ ಒಡಲು ಸ್ಟೀಲಿನದು, ಮೇಲಿನ ಕಟ್ಟಡ ಅಲ್ಯೂಮಿನಿಯಂದು. ಮೇಲೆ ಭಾರ ಇಳಿದಷ್ಟೂ ಹಡಗು ವಾಲುವ ಭಯ ಕಡಿಮೆ. ಆದರೆ ಇವೆರಡನ್ನು ಕರಗಿಸಿ ವೆಲ್ಡ್ ಮಾಡಿದರೆ ಕಬ್ಬಿಣ, ಅಲ್ಯೂಮಿನಿಯಂ ಸೇರಿ ಗಾಜಿನಂಥ ಪೆಡಸು ಸಂಯುಕ್ತ ಹುಟ್ಟುತ್ತದೆ. ಬೆಸುಗೆ ಬಿರುಕು ಬಿಡುತ್ತದೆ.

ಅದಕ್ಕೇ ಸ್ಟೀಲಿಗೆ ಸ್ಟೀಲ್, ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ವೆಲ್ಡ್ ಆಗುವಂತೆ ನಡುವೆ ಮೂರು ಪದರದ ಪಟ್ಟಿ ಇಡುತ್ತಾರೆ. ಕೆಳಗೆ ಸ್ಟೀಲ್, ಮೇಲೆ ಮೆಗ್ನೀಸಿಯಂ ಬೆರೆತ ಗಟ್ಟಿ ಅಲ್ಯೂಮಿನಿಯಂ, ಮಧ್ಯೆ ಶುದ್ಧ ಅಲ್ಯೂಮಿನಿಯಂ. ಮೆದುವಾದ ಈ ನಡುಪದರವೇ ಸ್ಟೀಲನ್ನು ಚೆನ್ನಾಗಿ ಕಚ್ಚಿಕೊಳ್ಳುವುದು. ಇವನ್ನು ಬೆಸೆಯುವುದು ಸ್ಫೋಟಕದ ಹೊಡೆತದಿಂದ. ಹಾಳೆಗಳು ಓರೆಯಾಗಿ ಬಡಿದಾಗ ಆಕ್ಸೈಡ್ ಪೊರೆ ಚಿಮ್ಮಿಹೋಗಿ ಲೋಹಕ್ಕೆ ಲೋಹ ಅಂಟುತ್ತದೆ. ತುಂಡನ್ನು ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪದರಗಳು ಕೂಡುವ ಸಂದಿ ಸಾಮಾನ್ಯವಾಗಿ ಅಲೆ ಅಲೆಯಾಗಿ ಕಾಣುತ್ತದೆ. ಅಲೆಯ ಮಡಿಕೆಯಲ್ಲಿ ಅಲ್ಲೊಂದು ಇಲ್ಲೊಂದು ಪೆಡಸು ಚುಕ್ಕೆ ಇದ್ದರೆ ಗಾಬರಿ ಬೇಡ. ಅದೇ ಸಂದಿಯುದ್ದಕ್ಕೂ ಗೆರೆಯಾಗಿ ಹರಡಿದ್ದರೆ ಆ ಪಟ್ಟಿಯನ್ನು ನಾನು ಒಪ್ಪುವುದಿಲ್ಲ.

ಪದರದ ಉದ್ದಕ್ಕೆ ಎಳೆದು ಪರೀಕ್ಷಿಸಿದ ವರದಿಯೊಂದನ್ನೇ ನಂಬಿ ಸುಮ್ನೆ ಸಹಿ ಹಾಕಬೇಡಿ. ಹಾಗೆ ಎಳೆದಾಗ ಲೋಹಗಳು ಜೊತೆಜೊತೆಯಾಗಿ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. ಸ್ಟೀಲಿನ ಯಂಗ್ಸ್ ಮಾಡ್ಯುಲಸ್, ಅಂದರೆ ಎಳೆತಕ್ಕೆ ಹಿಗ್ಗದಂತೆ ತಡೆಯುವ ಬಿಗಿತ, ಸುಮಾರು 200 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂನದು 70. ಸ್ಟೀಲ್ ಅರ್ಧ, ಅಲ್ಯೂಮಿನಿಯಂ ಅರ್ಧ ದಪ್ಪವಿದ್ದರೆ ಇಡೀ ಪಟ್ಟಿಯದು ಇವೆರಡರ ಸರಾಸರಿ, 135. ಆಗ ಹೊರೆಯ ಹತ್ತಿರ ಹತ್ತಿರ ಮುಕ್ಕಾಲು ಪಾಲು ಸ್ಟೀಲಿನ ಮೇಲೆ. ಸಂದಿಗೆ ಹೆಚ್ಚು ಕೆಲಸವೇ ಇಲ್ಲ. ಅದು ಅಲ್ಲಲ್ಲಿ ಬಿಟ್ಟುಕೊಂಡಿದ್ದರೂ ಅಂಕಿ ಚೆನ್ನಾಗೇ ಬರಬಹುದು! ಪದರಕ್ಕೆ ಅಡ್ಡಲಾಗಿ ಎಳೆದ ಟೆಸ್ಟ್, ಪದರಗಳನ್ನು ಒಂದರ ಮೇಲೊಂದು ಜಾರಿಸಲು ನೋಡುವ ಷಿಯರ್ ಟೆಸ್ಟ್ ಎರಡನ್ನೂ ಕೇಳಿ ಪಡೆಯಿರಿ.

ವರ್ಕ್‌ಶಾಪಿನಲ್ಲೇ ಮಾಡಬಹುದಾದ ಉಳಿ ಪರೀಕ್ಷೆಯೂ ಇದೆ. ಒಂದು ಸ್ಯಾಂಪಲ್ ತುಂಡಿನ ಸಂದಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಉಳಿ ಅಲ್ಯೂಮಿನಿಯಂ ಒಳಗೆ ತಿರುಗಿ ಅದನ್ನೇ ಹರಿದರೆ ಸಂದಿ ಗಟ್ಟಿ. ಸ್ಟೀಲಿನ ಮೇಲಿಂದ ನುಣ್ಣಗೆ ಎದ್ದು ಬಂದರೆ ಬೇಡ.

ಇಷ್ಟೆಲ್ಲ ಪಾಸಾದ ಪಟ್ಟಿಯನ್ನೂ ವೆಲ್ಡಿಂಗ್ ಹಾಳು ಮಾಡಬಹುದು. ಸಂದಿಯ ಬಿಸಿ 315 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಿಸಿ ಜಾಸ್ತಿಯಾದರೆ ಪೆಡಸು ಪದರ ಬೆಳೆಯುತ್ತದೆ. ವೆಲ್ಡಿಂಗಿನ ಒಂದೊಂದು ಸುತ್ತು ಆದ ಮೇಲೂ ತಣಿಯಲು ಬಿಡಿ, ಅವಸರ ಬೇಡ. ಪಟ್ಟಿಯ ಜೊತೆ ಬಂದ ಸರ್ಟಿಫಿಕೇಟ್ ವೆಲ್ಡಿಂಗಿಗೆ ಮೊದಲಿನದು, ಅಲ್ವಾ? ಕೆಲಸ ಮುಗಿದ ಮೇಲೆ ಸಂದಿ ಎಲ್ಲಾದರೂ ಬಿಟ್ಟುಕೊಂಡಿದೆಯಾ ಎಂದು ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದದ ಅಲೆಗಳ) ಪರೀಕ್ಷೆಯಲ್ಲಿ ಇನ್ನೊಮ್ಮೆ ನೋಡಿಸಿ.